ನಿದ್ದೆಗಳ್ಳನ ಡಬ್ಬಿ

ಕೊಳವೆರಾಯನ ಪಾಡಿಗೆಲ್ಲ ಮೂಲ ಒಂದು ಹುಟ್ಟುಹಬ್ಬ. ಅದೂ ಅವನದಲ್ಲ, ವಾದ್ಯವೃಂದದ ಕಾರ್ಯದರ್ಶಿಗಳ ಮೊಮ್ಮಗಳದು.

ತಿಂಗಳ ಹಿಂದೆ ವಾದ್ಯವೃಂದದ ತಾಲೀಮು ಮುಗಿಸಿ ಅವನು ನೇರವಾಗಿ ಆ ಮನೆಗೆ ಹೋಗಿದ್ದ. ಹದಿನೈದು ಮಕ್ಕಳು ಸೋಫಾದಿಂದ ಸೋಫಾಕ್ಕೆ ಹಾರುತ್ತ, ಕಿಟಕಿಯ ಪರದೆಗೆ ಜೋತುಬೀಳುತ್ತ ಮನೆಯನ್ನು ರಣರಂಗ ಮಾಡಿದ್ದವು. ಮೂಲೆಯಲ್ಲಿ ಕೂತಿದ್ದ ಕೊಳವೆರಾಯ ತಲೆನೋವು ತಾಳಲಾರದೆ ತನ್ನ ಪೆಟ್ಟಿಗೆ ಬಿಚ್ಚಿ, ವಾದ್ಯ ಜೋಡಿಸಿ, ತೀರ ತಳದ ಸ್ವರವೊಂದನ್ನು ಊದಿದ. ನೆಗಡಿಯಾದ ಆನೆ ನಿಟ್ಟುಸಿರು ಬಿಟ್ಟಂಥ ಸದ್ದು. ಮಕ್ಕಳು ನಿಂತಲ್ಲೇ ಕಲ್ಲಾದವು. ಅವು ಮತ್ತೆ ಕುಣಿಯದಿರಲೆಂದು ಅವನು ಬಾಯಿಗೆ ಬಂದ ಒಂದು ಕತೆ ಹೇಳಿ, ನಡುನಡುವೆ ಊದುತ್ತ ಅರ್ಧ ಗಂಟೆ ಕಳೆದ. ಮಾರನೆಯ ದಿನ ಕಾರ್ಯದರ್ಶಿಗಳು ಅವನನ್ನು ಕರೆಸಿ, ಮಕ್ಕಳಿಗೆ ವಾದ್ಯಗಳ ಪರಿಚಯ ಮಾಡಿಸುವ ಕಾರ್ಯಕ್ರಮ ಇಟ್ಟುಕೊಂಡಿದ್ದೇವೆ, ಕತೆ ನೀವೇ ಬರೆಯಬೇಕು ಎಂದರು. ರಜೆ ಅರ್ಜಿಗಿಂತ ದೊಡ್ಡದನ್ನು ಬರೆದವನಲ್ಲ ಅವನು. ಆದರೆ ಆಗುವುದಿಲ್ಲ ಎನ್ನುವ ಮಾತು ಅವನ ಬಾಯಿಗೆ ಹುಟ್ಟಿನಿಂದಲೇ ಬಂದಿರಲಿಲ್ಲ.

ಅವನು ನುಡಿಸುವುದು ಬಸೂನ್. ಆಳೆತ್ತರದ ಮರದ ಕೊಳವೆ. ಮೊದಲ ಸಲ ನೋಡಿದವರು ಇದನ್ನು ಯಾವ ಬಚ್ಚಲಿನಿಂದ ಕಿತ್ತು ತಂದಿರಿ ಎಂದು ಕೇಳದೆ ಬಿಡುವುದಿಲ್ಲ. ಇಪ್ಪತ್ತಾರು ವರ್ಷ ಅದನ್ನು ಹೊತ್ತು ತಿರುಗಿದ್ದಕ್ಕೆ ಅವನಿಗೆ ಸಿಕ್ಕಿದ್ದು ಕೊಳವೆರಾಯ ಎಂಬ ಹೆಸರು. ಅವನು ಸೇರಿದಾಗ ವೃಂದದಲ್ಲಿ ನಲವತ್ತೆರಡು ಜನ. ಈಗ ಹದಿನೇಳು. ವರ್ಷಕ್ಕೋ ಎರಡು ವರ್ಷಕ್ಕೋ ವೃಂದವನ್ನು ನಡೆಸುವ ಸರ್ಕಾರಿ ಇಲಾಖೆಯಿಂದ ಒಂದು ಕಾಗದ ಬರುತ್ತಿತ್ತು, ಒಂದೋ ಎರಡೋ ಕುರ್ಚಿ ಹೋಗುತ್ತಿದ್ದವು. ಎರಡನೆಯ ಕಹಳೆ ಊದುತ್ತಿದ್ದವನು ಈಗ ಬಸ್ ನಿಲ್ದಾಣದಲ್ಲಿ ಪಾರ್ಸೆಲ್ ತೂಗುತ್ತಾನೆ. ದೊಡ್ಡ ಪಿಟೀಲಿನಂಥ ಚೆಲ್ಲೋ ನುಡಿಸುತ್ತಿದ್ದವರು ಮನೆಗೆ ಹೋದ ಆರು ತಿಂಗಳಿಗೇ ತೀರಿಕೊಂಡರು. ಸಭಾಂಗಣದ ಚಾವಣಿ ಸೋರುವ ಕಡೆ ಚರ್ಮ ಹರಿದ ಹಳೆಯ ನಗಾರಿಯನ್ನು ಅಂಗಾತ ಇಟ್ಟಿದ್ದರು. ಮಳೆ ಬಂದ ದಿನ ಅದರ ಸದ್ದೇ ಎಲ್ಲರಿಗಿಂತ ತಾಳಬದ್ಧವಾಗಿರುತ್ತಿತ್ತು.

ಎರಡು ವಾರ ಒದ್ದಾಡಿ ಕೊಳವೆರಾಯ ಕತೆ ಬರೆದ. ಒಂದು ಊರು. ಅಲ್ಲಿ ಜಂಬದ ನವಿಲೊಂದು ರಾತ್ರಿಯಿಡೀ ಹಾಡುತ್ತದೆ, ಅದು ಪಿಟೀಲು. ಬಾಯಿಬಡುಕ ಕಾವಲುಗಾರನೊಬ್ಬ ಕೂಗುತ್ತಲೇ ಇರುತ್ತಾನೆ, ಅದು ಕಹಳೆ. ಗುಡುಗು ಹೊತ್ತುಗೊತ್ತಿಲ್ಲದೆ ಗದರುತ್ತದೆ, ಅದು ನಗಾರಿ. ಈ ಗಲಾಟೆಗೆ ಬೇಸತ್ತು ನಿದ್ದೆಯೇ ಊರು ಬಿಟ್ಟು ಓಡಿಹೋಗುತ್ತದೆ. ಕೊಳಲಿನಂಥ ಪುಟ್ಟ ಹುಡುಗಿಯೊಬ್ಬಳು ಅದನ್ನು ಹುಡುಕಿ ಹೊರಡುತ್ತಾಳೆ. ಬಾವಿಯೊಳಗಿನ ಕಪ್ಪೆ ದಾರಿ ಹೇಳುತ್ತದೆ, ಅದು ಬಸೂನ್. ಕೊನೆಗೆ ಅಜ್ಜಿಯ ಜೋಗುಳ ಕೇಳಿ ನಿದ್ದೆ ಹಿಂತಿರುಗುತ್ತದೆ, ಅಜ್ಜಿ ಶಹನಾಯಿಯಂಥ ಓಬೋ. ಕತೆ ಕೇಳಿದ ಹೆಂಡತಿ ಚೆನ್ನಾಗಿದೆ ಎಂದಳು. ಮದುವೆಯಾದಾಗಿನಿಂದ ಅವಳು ಚೆನ್ನಾಗಿದೆ ಎಂದದ್ದು ಅದು ಎರಡನೆಯ ಸಲ.

ಕಾರ್ಯಕ್ರಮದ ದಿನ ಬೆಳಿಗ್ಗೆ ಹತ್ತಕ್ಕೆ ಅವನು ಸಭಾಂಗಣಕ್ಕೆ ಬಂದಾಗ ಎಲ್ಲರೂ ಸೂಚನಾ ಫಲಕದ ಮುಂದೆ ಗುಂಪುಗೂಡಿದ್ದರು. ಕಾಗದದಲ್ಲಿ ನಾಲ್ಕೇ ಸಾಲು. ಮಧ್ಯಾಹ್ನ ಇನ್ನೂರು ಮಕ್ಕಳು ಬರುತ್ತಾರೆ. ಕತೆ ಮುಗಿದ ಮೇಲೆ ಪ್ರತಿ ಮಗುವಿಗೂ ಒಂದು ಅಂಗಿಗುಂಡಿ ಕೊಡಲಾಗುತ್ತದೆ. ತನಗೆ ಮೆಚ್ಚುಗೆಯಾದ ವಾದ್ಯದ ಡಬ್ಬಿಗೆ ಮಗು ಅದನ್ನು ಹಾಕಬೇಕು. ಅತಿ ಕಡಿಮೆ ಗುಂಡಿ ಬಿದ್ದ ವಾದ್ಯದ ಕುರ್ಚಿಯನ್ನು ಈ ವರ್ಷ ತೆಗೆಯಲಾಗುವುದು. ಡಬ್ಬಿಗಳು ಆಗಲೇ ಬಾಗಿಲ ಬಳಿಯ ಮೇಜಿನ ಮೇಲೆ ಸಾಲಾಗಿ ಕೂತಿದ್ದವು. ಒಂಬತ್ತು ಬಿಸ್ಕತ್ತಿನ ಡಬ್ಬಿ, ಒಂದೊಂದರ ಮೇಲೂ ಒಂದೊಂದು ವಾದ್ಯದ ಚಿತ್ರ.

ಎಲ್ಲರೂ ಒಟ್ಟಿಗೆ ತಿರುಗಿ ಕೊಳವೆರಾಯನನ್ನು ನೋಡಿದರು. ನಿನ್ನೆಯವರೆಗೆ ಅವನು ಕೊಳವೆ. ಇವತ್ತು ಹದಿನೇಳು ಜನರ ಹಣೆಬರಹ ಬರೆಯುವವನು.

ಮೊದಲು ಬಂದವರು ಮುಖ್ಯ ಪಿಟೀಲಿನವರು. ಇಪ್ಪತ್ತಾರು ವರ್ಷದಲ್ಲಿ ಒಂದು ದಿನವೂ ಅವನ ಜೊತೆ ಟೀ ಕುಡಿಯದವರು ಅಂದು ತಾವೇ ಟೀ ತಂದುಕೊಟ್ಟು, ನವಿಲಿಗೆ ಜಂಬ ಯಾಕೆ ಎಂದು ಕೇಳಿದರು. ನವಿಲು ವಿನಯದಿಂದ ಇರಬಾರದೇ? ಇರಬಹುದು ಎಂದು ಕೊಳವೆರಾಯ ಜಂಬದ ಮೇಲೆ ಗೀಟು ಎಳೆದ. ಟೀ ಮುಗಿಯುವ ಮೊದಲೇ ಕಹಳೆಯವನು ಬಂದ. ಕದದಷ್ಟು ಅಗಲದ ಆಸಾಮಿ. ಕುರ್ಚಿಯನ್ನು ಕೊಳವೆರಾಯನ ಮೊಣಕಾಲಿಗೆ ತಾಗುವಂತೆ ಎಳೆದುಕೊಂಡು ಕೂತು, ತನ್ನ ಕಾವಲುಗಾರ ಬಾಯಿಬಡುಕನಲ್ಲ, ಮಿತಭಾಷಿ ವೀರ ಎಂದು ವಿವರಿಸಿದ. ಆಮೇಲೆ ನಗಾರಿಯವನು ಬಂದು, ಗುಡುಗು ಯಾರನ್ನೂ ಹೆದರಿಸಬಾರದು, ಮಳೆ ಬರುತ್ತೆ ಬಟ್ಟೆ ಒಳಗೆ ತಗೊಳ್ಳಿ ಎಂದು ಮುಂಚಿತವಾಗಿ ತಿಳಿಸುವಂತಿರಬೇಕು ಎಂದ. ಕೊಳಲಿನವರಿಗೆ ತಮ್ಮ ಹುಡುಗಿ ಅಳುವುದು ಬೇಡವಾಯಿತು. ಅಳುವವರಿಗೆ ಯಾವ ಮಗುವೂ ಗುಂಡಿ ಹಾಕುವುದಿಲ್ಲವಂತೆ.

ಬದಲಾವಣೆ ಕೇಳಲು ಬಾರದವರೆಂದರೆ ಅವನ ಪಕ್ಕದ ಕುರ್ಚಿಯ ಓಬೋ ಅಕ್ಕ ಒಬ್ಬರೇ. ಐವತ್ತೆಂಟು ವಯಸ್ಸು. ಮನೆಯಲ್ಲಿ ಗಂಡ ಪಾರ್ಶ್ವವಾಯು ಹೊಡೆದು ನಾಲ್ಕು ವರ್ಷದಿಂದ ಹಾಸಿಗೆಯಲ್ಲಿದ್ದರು. ಅಕ್ಕನ ಉಸಿರೂ ಈಚೆಗೆ ಮೊದಲಿನಂತಿರಲಿಲ್ಲ. ಈ ಸಲ ಹೋಗುವ ಕುರ್ಚಿ ಅವರದೇ ಎಂದು ಎಲ್ಲರೂ ಅವರ ಬೆನ್ನ ಹಿಂದೆ ಮಾತಾಡಿಕೊಳ್ಳುತ್ತಿದ್ದರು, ಅವರಿಗೆ ಕೇಳಿಸುವಷ್ಟು ಗಟ್ಟಿಯಾಗಿ. ಕೊಳವೆರಾಯ ತಾನೇ ಹೋಗಿ ಕೇಳಿದ.

"ಅಕ್ಕ, ನಿಮ್ಮದೇನಾದ್ರೂ ಬದಲಾಯಿಸ್ಬೇಕಾ?"

"ಜೋಗುಳದಲ್ಲಿ ಎಷ್ಟು ಸ್ವರ ಇದೆ?"

"ಹದಿನಾರು."

"ಅಷ್ಟಾದ್ರೆ ಉಸಿರು ಸಾಲುತ್ತೆ ಬಿಡು," ಎಂದು ಅಕ್ಕ ಓಬೋ ಒರೆಸುವುದಕ್ಕೆ ತಿರುಗಿದರು.

ಆ ಗಳಿಗೆ ಕೊಳವೆರಾಯ ಬದುಕಿನಲ್ಲಿ ಅಪರೂಪಕ್ಕೆ ಒಂದು ತೀರ್ಮಾನ ಮಾಡಿದ. ಜೋಗುಳ ಕತೆಯ ಕಟ್ಟಕಡೆಗೆ ಬರಬೇಕು, ಬೇರೆ ಯಾವ ವಾದ್ಯವೂ ಉಸಿರೆತ್ತಬಾರದು, ಎರಡು ಸಲ ಬರಬೇಕು, ನಡುವೆ ಅಕ್ಕ ಸುಧಾರಿಸಿಕೊಳ್ಳಲು ಉದ್ದುದ್ದ ಬಿಡುವು ಇರಬೇಕು. ಮಕ್ಕಳು ಅದೇ ಗುಂಗಿನಲ್ಲಿ ಎದ್ದು ಹೋಗಿ ಓಬೋ ಡಬ್ಬಿಗೆ ಗುಂಡಿ ಹಾಕಬೇಕು.

ಹನ್ನೆರಡು ಗಂಟೆಯ ಹೊತ್ತಿಗೆ ತಾಲೀಮಿನಲ್ಲಿ ಕತೆ ಓದಿದಾಗ ದೊಡ್ಡದೊಂದು ಎಡವಟ್ಟು ಗೊತ್ತಾಯಿತು. ಊರಲ್ಲಿ ಎಲ್ಲರೂ ಒಳ್ಳೆಯವರಾಗಿಬಿಟ್ಟಿದ್ದರು. ವಿನಯವಂತ ನವಿಲು, ಮಿತಭಾಷಿ ಕಾವಲುಗಾರ, ಬಟ್ಟೆಯ ಬಗ್ಗೆ ಕಾಳಜಿ ಇರುವ ಗುಡುಗು. ಇಂಥ ಊರಿನಿಂದ ನಿದ್ದೆ ಯಾಕೆ ಓಡಿಹೋಗಬೇಕು? ಓಡಿಹೋಗದಿದ್ದರೆ ಜೋಗುಳ ಯಾರಿಗೆ? ಕಾರ್ಯದರ್ಶಿಗಳು ಕನ್ನಡಕ ತೆಗೆದು, ಹಾಗಾದರೆ ಯಾರೋ ಕದ್ದಿರಬೇಕು ಎಂದರು. ಯಾರು ಎಂಬ ಪ್ರಶ್ನೆಗೆ ಎಲ್ಲರೂ ತಂತಮ್ಮ ವಾದ್ಯ ನೋಡಿಕೊಂಡರು. ಆಮೇಲೆ ಮುಖ್ಯ ಪಿಟೀಲಿನವರು ಮೃದುವಾಗಿ, ಕಪ್ಪೆ ಹೇಗೂ ಬಾವಿಯಲ್ಲೇ ಇದೆಯಲ್ಲ, ಅಡಗಿಸಿಡಲು ಜಾಗವೂ ಇದೆ ಎಂದರು.

ಕೊಳವೆರಾಯ ಅಕ್ಕನ ಕಡೆ ನೋಡಿದ. ಕಳ್ಳನಾದವನಿಗೆ ಗುಂಡಿ ಬೀಳುವುದಿಲ್ಲ, ಕುರ್ಚಿ ಹೋಗುವುದು ತನ್ನದೇ. ಐವತ್ಮೂರನೆಯ ವಯಸ್ಸಿಗೆ ತನಗೆ ಬೇರೆ ಯಾರೂ ಕೆಲಸ ಕೊಡುವುದಿಲ್ಲ. ಇದೆಲ್ಲ ಅವನ ತಲೆಯಲ್ಲಿ ಸ್ಪಷ್ಟವಾಗಿತ್ತು. ಆದರೂ ಬಾಯಿಯಿಂದ ಬಂದದ್ದು, "ಆಗಲಿ, ನನ್ನದೇ ಇರಲಿ," ಎಂಬ ಮಾತು.

ಕಪ್ಪೆಯ ಜಾಗಕ್ಕೆ ನಿದ್ದೆಗಳ್ಳನೊಬ್ಬ ಬಂದ. ಊರವರು ಅವನನ್ನು ಹಿಡಿದು ಬಾವಿಗೆ ತಳ್ಳಿ, ಅದರ ಬಾಯಿಗೆ ಕಲ್ಲು ಚಪ್ಪಡಿ ಎಳೆಯುವುದು ಎಂದು ತೀರ್ಮಾನವಾಯಿತು. ಆ ದೃಶ್ಯಕ್ಕೆ ಎಲ್ಲರಿಂದಲೂ ಒಳ್ಳೊಳ್ಳೆಯ ಸಲಹೆಗಳು ಬಂದವು. ಕತೆ ಓದುವವರು ತಾವೇ ಎಂದು ಕಾರ್ಯದರ್ಶಿಗಳು ಮೊದಲೇ ಹೇಳಿಬಿಟ್ಟಿದ್ದರು. ಅವರ ಕೈಗೆ ಹೋದ ಹನ್ನೊಂದು ಹಾಳೆಗಳಲ್ಲಿ ಗೀಟು, ಬಾಣ, ಅಂಟಿಸಿದ ಚೀಟಿಗಳ ನಡುವೆ ಪುಟದ ಸಂಖ್ಯೆ ಎಲ್ಲೂ ಕಾಣುತ್ತಿರಲಿಲ್ಲ.

ಮೂರು ಗಂಟೆಗೆ ಹತ್ತು ನಿಮಿಷ ಇರುವಾಗ ಎರಡು ಸಣ್ಣ ಘಟನೆಗಳು ನಡೆದವು. ಬಸೂನಿನ ಊದುವ ತುದಿಗೆ ರೀಡ್ ಎಂಬುದೊಂದನ್ನು ಸಿಕ್ಕಿಸಬೇಕು. ಜೊಂಡಿನಂಥ ಲಾಳದ ಕಡ್ಡಿಯನ್ನು ತೆಳ್ಳಗೆ ಹೆರೆದು ಎರಡು ಪದರ ಕಟ್ಟಿದ ನಾಲಗೆ ಅದು. ನುಡಿಸುವ ಮೊದಲು ನೀರಿನಲ್ಲಿ ನೆನೆಯದಿದ್ದರೆ ಬಿರುಕು ಬಿಡುತ್ತದೆ. ಕೊಳವೆರಾಯ ಅದನ್ನು ಲೋಟದ ನೀರಿನಲ್ಲಿ ಇಟ್ಟು ಕೋಟು ಹಾಕಿಕೊಳ್ಳಲು ಹೋದ. ಗಂಟಲೊಣಗಿದ ಕಹಳೆಯವನು ಬಂದು, ರೀಡನ್ನು ಎತ್ತಿ ಮೇಜಿನ ಮೇಲಿಟ್ಟು, ನೀರು ಕುಡಿದು, ಲೋಟ ಬೋರಲು ಹಾಕಿ ಹೋದ. ಅದೇ ಹೊತ್ತಿಗೆ ವೇದಿಕೆಯ ಮೇಲೆ ನಗಾರಿಯವನು, ಗುಡುಗು ಕ್ಷಮೆ ಕೇಳುವ ಒಂದು ಸಾಲು ಸೇರಿಸಲೆಂದು ಕಾರ್ಯದರ್ಶಿಗಳ ಸ್ಟ್ಯಾಂಡಿನಿಂದ ಹಾಳೆ ತೆಗೆದು, ಬರೆದು, ಸಿಕ್ಕ ಕಡೆ ಮತ್ತೆ ತುರುಕಿದ.

ಇನ್ನೂರು ಮಕ್ಕಳು ಸಾಲಾಗಿ ಬಂದು ಕೂತವು. ಮುಂದಿನ ಸಾಲಿನಲ್ಲಿ ಇಲಾಖೆಯ ಮೇಡಂ, ತೊಡೆಯ ಮೇಲೆ ಫೈಲು.

ಕತೆ ಶುರುವಾಯಿತು. ನವಿಲು ಬಂದು ನಮಸ್ಕಾರ ಮಾಡಿತು. ಕಾವಲುಗಾರ ಬಂದು ಎಲ್ಲರ ಯೋಗಕ್ಷೇಮ ವಿಚಾರಿಸಿದ. ಗುಡುಗು ಬಂದು ಕ್ಷಮೆ ಕೇಳಿತು, ಯಾತಕ್ಕೆಂದು ಯಾರಿಗೂ ತಿಳಿಯಲಿಲ್ಲ. ಐದು ನಿಮಿಷಕ್ಕೆ ಮಕ್ಕಳು ಮುಂದಿನ ಕುರ್ಚಿಗಳನ್ನು ಒದೆಯತೊಡಗಿದವು. ಹಿಂದಿನ ಸಾಲಿನಲ್ಲಿ ಒಬ್ಬ ನಿಜವಾಗಿಯೂ ನಿದ್ದೆಹೋಗಿದ್ದ. ಕಾರ್ಯದರ್ಶಿಗಳು ಹಾಳೆ ಮಗುಚಿ, ದನಿ ಏರಿಸಿ ಓದಿದರು.

"ಆಗ ಊರವರೆಲ್ಲ ಸೇರಿ ಅವನನ್ನು ಹಿಡಿದು ಬಾವಿಗೆ ತಳ್ಳಿ, ಮೇಲೆ ಕಲ್ಲು ಚಪ್ಪಡಿ ಎಳೆದರು."

ಕೊಳವೆರಾಯ ತಲೆಯೆತ್ತಿ ಕಾರ್ಯದರ್ಶಿಗಳ ಹಾಳೆಯ ಕಡೆ ನೋಡಿದ. ಕಳ್ಳತನ ಇನ್ನೂ ಆಗಿರಲಿಲ್ಲ. ನಿದ್ದೆ ಕದಿಯುವ ಹಾಳೆ ಎಲ್ಲೋ ಕೆಳಗೆ ಸೇರಿಹೋಗಿತ್ತು. ಆದರೆ ವೃಂದದವರಿಗೆ ಬಾವಿ ಎಂಬ ಮಾತೇ ಸೂಚನೆ. ಕಹಳೆ, ನಗಾರಿ, ಪಿಟೀಲು ಒಟ್ಟಾಗಿ ಅವನ ಮೇಲೆ ಬಿದ್ದವು. ಇಡೀ ದಿನ ಒಳ್ಳೆಯವರಾಗಿದ್ದ ಸುಸ್ತನ್ನೆಲ್ಲ ಅಲ್ಲಿ ತೀರಿಸಿಕೊಂಡರು. ಅವನು ಘರ್ಜಿಸಬೇಕಾದ ಸರದಿ ಬಂತು. ಊದಿದ. ಒಣಗಿದ ರೀಡ್ ಚಟ್ ಎಂದು ಬಿರುಕು ಬಿಟ್ಟಿತು. ಘರ್ಜನೆಯ ಬದಲು ಬಾಗಿಲ ಸಂದಿಗೆ ಬಾಲ ಸಿಕ್ಕ ನಾಯಿಮರಿಯ ಕುಂಯ್ ಹೊರಬಂತು.

ಮಕ್ಕಳು ಗೊಳ್ಳೆಂದು ನಕ್ಕವು. ಬಿಟ್ಟುಬಿಡಿ ಎಂದು ಅವನು ಬೇಡಿಕೊಂಡ, ಯಾರೂ ಕೇಳಲಿಲ್ಲ ಎಂದು ಕಾರ್ಯದರ್ಶಿಗಳು ಓದಿದರು. ಮತ್ತೆ ಕುಂಯ್. ಈ ಸಲ ನಗು ಅರ್ಧಕ್ಕೇ ನಿಂತಿತು. ಎರಡನೆಯ ಸಾಲಿನಿಂದ ಎರಡು ಜಡೆಯ ಹುಡುಗಿಯೊಬ್ಬಳು ಎದ್ದು ನಿಂತಳು.

"ಅವನೇನ್ ಮಾಡ್ದ?"

"ಅವನು ಕೆಟ್ಟವನು ಮಗು," ಎಂದರು ಕಾರ್ಯದರ್ಶಿಗಳು.

"ಅದೇ, ಏನ್ ಮಾಡ್ದ?"

ಕಾರ್ಯದರ್ಶಿಗಳು ಹಾಳೆ ನೋಡಿದರು. ಅದರಲ್ಲಿ ಉತ್ತರವಿರಲಿಲ್ಲ. ಮುಂದಿನ ಹಾಳೆಯಲ್ಲಿ ಊರವರು ಹೂಮಾಲೆ ಹಾಕಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಮಕ್ಕಳು ಒಂದೊಂದಾಗಿ ಎದ್ದು, ಅವನನ್ನು ಮೇಲೆತ್ತಿ ಎಂದು ಕೂಗತೊಡಗಿದವು. ಟೀಚರು ಕಣ್ಣು ಬಿಟ್ಟು ಗದರಿದರೂ ಅವು ಕೂರಲಿಲ್ಲ. ಸದ್ದಡಗಿಸಲು ಕಹಳೆಯವನು ಜೋರಾಗಿ ಊದಿದ. ಬಾವಿಗೆ ತಳ್ಳಿದವನು ಇವನೇ ಎಂದು ಮಕ್ಕಳು ಅವನ ಮೇಲೆ ಚಾಕೊಲೇಟಿನ ಕಾಗದ ಎಸೆದವು. ಮುಖ್ಯ ಪಿಟೀಲಿನವರು ಕಣ್ಣು ಮುಚ್ಚಿ ತಮ್ಮ ಅತಿಮಧುರ ರಾಗ ಎತ್ತಿದರು. ಮಕ್ಕಳು ಕಿವಿ ಮುಚ್ಚಿಕೊಂಡವು.

ಏನು ಮಾಡುವುದೆಂದು ಯಾರಿಗೂ ತೋಚದಿದ್ದಾಗ ಓಬೋ ಅಕ್ಕ ತಾವಾಗಿಯೇ ಜೋಗುಳ ಶುರುಮಾಡಿದರು. ಅದು ಊರಿಗಾಗಿ ಬರೆದ ಜೋಗುಳ. ಆದರೆ ಅದು ಬಾವಿಯೊಳಗಿನವನಿಗೆ ಎಂದು ಮಕ್ಕಳಿಗೆ ಕೂಡಲೇ ಅರ್ಥವಾಯಿತು. ಎಲ್ಲವೂ ಕೂತವು. ಅಕ್ಕ ನಾಲ್ಕು ಸ್ವರ ನುಡಿಸಿ ಉಸಿರಿಗೆ ನಿಂತರು. ಆ ಬಿಡುವಿನಲ್ಲಿ ಇನ್ನೂರು ಮಕ್ಕಳು ಕೊಳವೆರಾಯನನ್ನೇ ನೋಡುತ್ತಿದ್ದವು. ತಾನು ಸುಮ್ಮನಿದ್ದರೆ ಬಾವಿಯವನು ಒಳಗೆ ಸತ್ತೇಹೋದನೆಂದು ಅವು ತಿಳಿಯುತ್ತವೆ ಎನ್ನಿಸಿತು. ಮೆಲ್ಲಗೆ ಊದಿದ. ಸಣ್ಣದೊಂದು ಕುಂಯ್. ಅಕ್ಕ ಮತ್ತೆ ನಾಲ್ಕು ಸ್ವರ, ಅವನು ಮತ್ತೆ ಕುಂಯ್. ಇಪ್ಪತ್ತಾರು ವರ್ಷದಲ್ಲಿ ಯಾರೂ ಅವನನ್ನು ಹೀಗೆ ಕೇಳಿರಲಿಲ್ಲ. ಅವನ ಕಣ್ಣು ಮಂಜಾದವು. ಮುಂದಿನ ಸಾಲುಗಳಲ್ಲಿ ಮೂಗು ಎಳೆಯುವ ಸದ್ದು ಶುರುವಾಗಿ ಹಿಂದಿನವರೆಗೂ ಹಬ್ಬಿತು. ಎರಡನೆಯ ಸಲದ ಜೋಗುಳ ಮುಗಿದಾಗ ಅವನ ಕುಂಯ್ ಕೂಡ ತೇಲಿ ತೇಲಿ ನಿಂತುಹೋಯಿತು. ಕಾರ್ಯದರ್ಶಿಗಳು ಕೈಯಲ್ಲಿ ಉಳಿದ ಆರು ಹಾಳೆಗಳನ್ನು ಮಡಚಿ, ಇಲ್ಲಿಗೆ ಕತೆ ಮುಗಿಯಿತು ಎಂದರು.

ಮಕ್ಕಳು ಸಾಲಾಗಿ ಡಬ್ಬಿಗಳ ಕಡೆ ನಡೆದವು. ಹದಿನೇಳು ಜನ ಪರದೆಯ ಸಂದಿಯಿಂದ ಕತ್ತು ಚಾಚಿ ನೋಡುತ್ತಿದ್ದರು. ಬಸೂನಿನ ಡಬ್ಬಿ ತುಂಬಿತು. ತುಂಬಿ ತುಳುಕಿದಾಗ ಟೀಚರು ಪಕ್ಕದಲ್ಲಿ ಒಂದು ತಟ್ಟೆ ಇಟ್ಟರು, ಅದೂ ತುಂಬಿತು. ಎರಡು ಜಡೆಯ ಹುಡುಗಿ ಗುಂಡಿ ಹಾಕಿ, ಪರದೆಯ ಬಳಿ ಬಂದು ಕೊಳವೆರಾಯನಿಗೆ ಮಾತ್ರ ಕೇಳುವಂತೆ, "ನೀವೇನೂ ಮಾಡಿಲ್ಲ ಅಂತ ನಂಗೊತ್ತು," ಎಂದು ಹೇಳಿ ಹೋದಳು. ಅವನಿಗೆ ಅಯ್ಯೋ ಎನ್ನಿಸಿದ್ದು ಆಗ. ಪಕ್ಕದ ಓಬೋ ಡಬ್ಬಿಯತ್ತ ನೋಡಿದ. ಅದರ ತಳದ ತಗಡು ಹೊಳೆಯುತ್ತಿತ್ತು.

ಮಕ್ಕಳು ಹೋದ ಮೇಲೆ ಮೇಡಂ ಎದ್ದು ಬಂದು ಉಳಿದ ಎಂಟು ಡಬ್ಬಿಗಳನ್ನೂ ಒಂದೊಂದಾಗಿ ಎತ್ತಿ ಬೋರಲು ಮಾಡಿದರು. ಯಾವುದರಿಂದಲೂ ಏನೂ ಬೀಳಲಿಲ್ಲ. ಅವರು ಕೆಟ್ಟವರಲ್ಲ, ಮುಖದಲ್ಲಿ ನಿಜವಾದ ಸಂಕಟವಿತ್ತು. ಒಂದು ಕುರ್ಚಿ ತೆಗೆಯಲು ಬಂದಿದ್ದೆ, ಆದರೆ ಅತಿ ಕಡಿಮೆ ಬಿದ್ದದ್ದು ಎಂಟಕ್ಕೂ ಒಂದೇ ಸಮ, ನಿಯಮ ನಾನು ಬರೆದದ್ದಲ್ಲ ಎಂದರು. ಆಮೇಲೆ, ಒಬ್ಬ ಮನುಷ್ಯ ಇನ್ನೂರು ಮಕ್ಕಳನ್ನು ಅಳಿಸಬಲ್ಲನಾದರೆ ಇಷ್ಟು ವರ್ಷ ಇಷ್ಟೊಂದು ಜನ ಯಾಕಿದ್ದರು ಎಂದು ತಮ್ಮನ್ನೇ ಕೇಳಿಕೊಂಡರು. ವೃಂದ ಇವತ್ತಿಗೆ ಮುಗಿಯಿತು. ಕೊಳವೆರಾಯ ಉಳಿಯುತ್ತಾನೆ. ಓದಲು ಕಾರ್ಯದರ್ಶಿಗಳೂ ಉಳಿಯುತ್ತಾರೆ. ಇಬ್ಬರೂ ಅರವತ್ತನಾಲ್ಕು ಶಾಲೆಗಳಿಗೆ ಹೋಗಿ ಮಕ್ಕಳಿಗೆ ವಾದ್ಯಗಳ ಪರಿಚಯ ಮಾಡಿಸಬೇಕು. ಕತೆ ಇವತ್ತು ಓದಿದ ಕ್ರಮದಲ್ಲೇ ಇರಬೇಕು. ಸದ್ದು ಅದೇ ಇರಬೇಕು.

"ಮೇಡಂ, ಅದು ಒಡೆದ ರೀಡ್," ಎಂದ ಕೊಳವೆರಾಯ. "ನಾನು ಚೆನ್ನಾಗಿ ನುಡಿಸ್ತೀನಿ. ಬೇಕಾದ್ರೆ ಈಗಲೇ ಕೇಳಿ."

ಬೇರೆ ರೀಡ್ ನೆನೆಸಿ, ಸಿಕ್ಕಿಸಿ, ತನಗೆ ಬರುವುದರಲ್ಲೆಲ್ಲ ಉತ್ತಮವಾದದ್ದನ್ನು ನುಡಿಸಿದ. ಖಾಲಿ ಸಭಾಂಗಣದಲ್ಲಿ ಅದು ತುಂಬಿ ನಿಂತಿತು. ಮೇಡಂ ಕೊನೆಯವರೆಗೂ ಮರ್ಯಾದೆಯಿಂದ ಕೇಳಿದರು.

"ಇದು ಬೇಡ," ಎಂದರು. "ಅದೇ ಇರಲಿ."

ಒಬ್ಬೊಬ್ಬರಾಗಿ ಎಲ್ಲರೂ ಪೆಟ್ಟಿಗೆ ಮುಚ್ಚಿಕೊಂಡು ಹೊರಟರು. ಮುಖ್ಯ ಪಿಟೀಲಿನವರು ಅವನಿದ್ದ ಕಡೆ ಗೋಡೆ ಇದೆಯೆನ್ನುವಂತೆ ದಾಟಿಹೋದರು. ಕಹಳೆಯವನು ಮಾತ್ರ ನಿಂತು, "ಆ ಕಳ್ಳನ ಪಾತ್ರ ನಂಗೆ ಕೊಡಬಾರದಿತ್ತೇನ್ರೀ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಮೆಟ್ಟಿಲಿಳಿದ.

ಒಳಕೋಣೆಯಲ್ಲಿ ಓಬೋ ಅಕ್ಕ ಇನ್ನೂ ಕೂತಿದ್ದರು. ಕೊಳವೆರಾಯ ಬಾಗಿಲಲ್ಲಿ ನಿಂತು, ಗುಂಡಿಗಳೆಲ್ಲ ನಿಮಗೇ ಬೀಳಲೆಂದು ಬರೆದಿದ್ದೆ, ಆ ಬಿಡುವಿನಲ್ಲಿ ನಾನು ಸುಮ್ಮನಿರಬೇಕಿತ್ತು ಎಂದು ಹೇಳಲು ಹೋಗಿ ಅರ್ಧಕ್ಕೇ ತಡವರಿಸಿದ. ಅಕ್ಕ ಕೈಚಾಚಿ ಒಡೆದ ರೀಡ್ ಕೇಳಿದರು. ಇಸಿದುಕೊಂಡು ಬೆಳಕಿಗೆ ಹಿಡಿದು ನೋಡಿದರು.

"ಇದು ಇನ್ನೆರಡು ದಿನ ಬಾಳಬಹುದು. ಆಮೇಲೆ ಪೂರ್ತಿ ಸೀಳುತ್ತೆ. ಅರವತ್ನಾಲ್ಕು ಶಾಲೆಗೆ ಸಾಲಲ್ಲ. ನಿನ್ನ ಬೇರೆ ರೀಡ್ ತಾ."

ಅವನು ತನ್ನ ಡಬ್ಬಿ ಕೊಟ್ಟ. ನಾಲ್ಕು ವರ್ಷ ಭಾನುವಾರಗಳಲ್ಲಿ ಕೂತು ಹೆರೆದು, ಉಜ್ಜಿ, ನುಡಿಸಿ ನೋಡಿ ಆರಿಸಿಟ್ಟ ಹನ್ನೆರಡು ರೀಡುಗಳು ಅದರಲ್ಲಿದ್ದವು. ಅಕ್ಕ ಕೈಚೀಲದಿಂದ ರೀಡ್ ಹೆರೆಯುವ ಪುಟ್ಟ ಚಾಕು ತೆಗೆದರು. ಮೊದಲನೆಯದನ್ನು ನಡುವಿಗೆ ಸೀಳಿ ಬಾಯಿಗಿಟ್ಟು ಊದಿದರು. ಸದ್ದೇ ಬರಲಿಲ್ಲ. ಎರಡನೆಯದು ಕೀರಲು ಹೊಡೆಯಿತು. ಮೂರನೆಯದನ್ನು ಎಡಬದಿಯಲ್ಲಿ ಕೂದಲೆಳೆಯಷ್ಟೇ ಸೀಳಿದರು. ಸಂದಿಗೆ ಬಾಲ ಸಿಕ್ಕ ನಾಯಿಮರಿ ಕುಂಯ್ ಎಂದಿತು.

"ಇದು ಸರಿಯಾಯ್ತು ನೋಡು."

ಉಳಿದ ಒಂಬತ್ತನ್ನೂ ಅದೇ ಅಳತೆಗೆ, ಒಂದೂ ಹೆಚ್ಚುಕಡಿಮೆಯಾಗದಂತೆ ಸೀಳಿ, ಊದಿ ನೋಡಿ, ಹತ್ತಿಯಲ್ಲಿ ಸುತ್ತಿ ಡಬ್ಬಿಯಲ್ಲಿ ಜೋಡಿಸಿ ಕೊಟ್ಟರು. ಅಷ್ಟೂ ಹೊತ್ತು ಕೊಳವೆರಾಯ ಡಬ್ಬಿಯ ಮುಚ್ಚಳ ಹಿಡಿದುಕೊಂಡು ನಿಂತಿದ್ದ. ಅಕ್ಕ ಚಾಕು ಒರೆಸಿ ಚೀಲಕ್ಕೆ ಹಾಕಿ ಎದ್ದರು.

"ಮುಗಿದ್ರೆ ಚೆನ್ನಾಗಿರೋ ರೀಡ್ ನಾಲ್ಕು ಮಾಡ್ಕೊಂಡು ಮನೆಗೆ ಬಾ, ಒಡೆದು ಕೊಡ್ತೀನಿ," ಎಂದರು. "ಇನ್ಮೇಲೆ ಹಗಲೆಲ್ಲ ಮನೆಯಲ್ಲೇ ಇರ್ತೀನಲ್ಲ."